ಐದು ಏರಿಯಾ, ಒಂದು ಬೇಸಿಗೆ

ಆಗಸ್ಟ್ ಕೊನೆ ಬಂತೆಂದರೆ ಅಮೆರಿಕದಲ್ಲಿ ಒಪೆರಾ ಕಲಿಯುವ ಹುಡುಗ ಹುಡುಗಿಯರೆಲ್ಲ ಕ್ರೆಡಿಟ್ ಕಾರ್ಡ್ ಹೊರಗೆ ತೆಗೆಯುತ್ತಾರೆ. ಮುಂದಿನ ಬೇಸಿಗೆಯ ಯಂಗ್ ಆರ್ಟಿಸ್ಟ್ ಕಾರ್ಯಕ್ರಮಗಳಿಗೆ ಅರ್ಜಿ ಹಾಕುವ ಕಾಲ ಅದು. ಯಾಪ್ ಟ್ರ್ಯಾಕರ್ ಅನ್ನುವ ಜಾಲತಾಣದಲ್ಲಿ ಬಹುತೇಕ ಎಲ್ಲ ಕಂಪನಿಗಳ ಅರ್ಜಿಯೂ ಸಿಗುತ್ತದೆ. ಅದಕ್ಕೆ ಚಂದಾ ಬೇರೆ, ಒಂದೊಂದು ಕಂಪನಿಗೆ ಶುಲ್ಕ ಬೇರೆ. ಕೆಲವರು 30 ಡಾಲರ್ ಕೇಳುತ್ತಾರೆ, ಕೆಲವರು 40. ಹಾಡಲು ಕರೆದರೂ ಕರೆಯದಿದ್ದರೂ ಆ ದುಡ್ಡು ಹೋದದ್ದೇ.

ನಾನು ಮೈಸೂರಿನವಳು. ಅಮ್ಮ ಮನೆಯಲ್ಲೇ ಸಂಗೀತ ಪಾಠ ಹೇಳುತ್ತಿದ್ದರು, ಹಾಗಾಗಿ ಸರಳೆ ಜಂಟಿವರಸೆ ಕಿವಿಗೆ ಬಿದ್ದುಕೊಂಡೇ ಬೆಳೆದೆ. ಪಿಯಾನೊ ಕಲಿಯಲು ಹೋದ ಕಡೆ ಟೀಚರ್ ಒಬ್ಬರು ನನ್ನಿಂದ ಹಾಡಿಸಿದರು. ಪಾಶ್ಚಾತ್ಯ ಸಂಗೀತದ ಟ್ರಿನಿಟಿ ಪರೀಕ್ಷೆಗಳು, ಬೆಂಗಳೂರಿನಲ್ಲಿ ಒಂದು ಕಾಯರ್ ಅಂದರೆ ಹಾಡುವವರ ಗುಂಪು, ಆಮೇಲೆ ಅಮೆರಿಕದಲ್ಲಿ ವಾಯ್ಸ್ ಮಾಸ್ಟರ್ಸ್. ಆ ದಾರಿಯ ಕಥೆ ಇನ್ನೊಂದು ಸಲ ಬರೆಯುತ್ತೇನೆ. ಮಾಸ್ಟರ್ಸ್ ಮುಗಿದ ಬೇಸಿಗೆ, ಅಂದರೆ 2024ರಲ್ಲಿ, ಅಮೆರಿಕದ ನ್ಯೂ ಮೆಕ್ಸಿಕೋ ರಾಜ್ಯದ ಸಾಂಟಾ ಫೇ ಒಪೆರಾದಲ್ಲಿ ಅಪ್ರೆಂಟಿಸ್ ಆಗಿದ್ದೆ. ಅದಕ್ಕೆ ಆಯ್ಕೆ ಆಗೋದು ಹೇಗೆ, ಅಲ್ಲಿ ಮಾಡೋದು ಏನು ಅಂತ ಊರಿನಲ್ಲಿ ತುಂಬಾ ಜನ ಕೇಳುತ್ತಾರೆ. ‘ಸೆಲೆಕ್ಟ್ ಆಗಿದ್ದೀಯಾ ಅಂದ್ರೆ ಹೀರೋಯಿನ್ನಾ?’ ಅಂತ ಕೇಳಿದವರೂ ಇದ್ದಾರೆ. ಅಲ್ಲ.

ಓದು ಮುಗಿದಿದೆ, ವೃತ್ತಿ ಇನ್ನೂ ಕುದುರಿಲ್ಲ. ಆ ನಡುವಿನ ಹೊತ್ತಿನಲ್ಲಿ ಇರುವವರಿಗೆ ಯಂಗ್ ಆರ್ಟಿಸ್ಟ್ ಅನ್ನುತ್ತಾರೆ. ಕಂಪನಿ ಅವರನ್ನು ಒಂದು ಸೀಸನ್ನಿಗೆ ತೆಗೆದುಕೊಳ್ಳುತ್ತದೆ. ಅವರು ಕೋರಸ್‌ನಲ್ಲಿ ಹಾಡುತ್ತಾರೆ, ಎರಡು ಸಾಲಿನ ಪಾತ್ರಗಳನ್ನು ಮಾಡುತ್ತಾರೆ, ದೊಡ್ಡವರ ಪಾತ್ರಗಳನ್ನು ಬಾಯಿಪಾಠ ಮಾಡಿಕೊಂಡು ಕಾಯುತ್ತಾರೆ. ಸಾಂಟಾ ಫೇಯಲ್ಲಿ ಅವರಿಗೆ ಅಪ್ರೆಂಟಿಸ್ ಅನ್ನುತ್ತಾರೆ, ಇದು ಕಂಪನಿಯ ಮೊದಲ ಸೀಸನ್ನಿನಿಂದಲೇ, ಅಂದರೆ 1957ರಿಂದಲೇ ನಡೆದಿದೆ. ಜಾನ್ ಕ್ರಾಸ್ಬಿ ಅನ್ನುವ ಕಂಡಕ್ಟರ್, ಅಂದರೆ ಆರ್ಕೆಸ್ಟ್ರಾ ನಡೆಸುವವರು, ಮರುಭೂಮಿಯಂಥ ಜಾಗದಲ್ಲಿ ಬಯಲು ರಂಗಮಂದಿರ ಕಟ್ಟಿ, ದೊಡ್ಡ ಗಾಯಕರ ಜೊತೆ ಎಳೆಯರನ್ನೂ ನಿಲ್ಲಿಸಿದರು. ಇವತ್ತಿನ ಹೆಸರಾಂತ ಗಾಯಕಿ ಜಾಯ್ಸ್ ಡಿಡೊನಾಟೊ ಕೂಡ 1995ರಲ್ಲಿ ಇಲ್ಲಿ ಅಪ್ರೆಂಟಿಸ್ ಆಗಿದ್ದವರೇ.

ಇಲ್ಲಿ ಸಂಬಳ ಕೊಡುತ್ತಾರೆ. ಇದನ್ನು ಒತ್ತಿ ಹೇಳಬೇಕು. ನಾವೇ ಸಾವಿರಾರು ಡಾಲರ್ ಕೊಟ್ಟು ಯೂರೋಪಿನ ಚಂದದ ಊರೊಂದರಲ್ಲಿ ಒಂದು ತಿಂಗಳು ಹಾಡಿ ಬರುವ ಕಾರ್ಯಕ್ರಮಗಳೂ ಬೇಕಾದಷ್ಟಿವೆ. ಭಾಷೆ ಕಲಿಯಲು ಹೋಗುವುದಾದರೆ ಸರಿ. ರೆಸ್ಯುಮೆಗೆ ಒಂದು ಸಾಲು ಸಿಗುತ್ತದೆ ಅಂತ ಮಾತ್ರ ಹೋಗಬೇಡಿ. ಆ ಸಾಲಿನ ಬೆಲೆ ಎಷ್ಟು ಅಂತ ಓದುವವರಿಗೆ ಗೊತ್ತಿರುತ್ತದೆ.

ಅರ್ಜಿಗೆ ಐದು ಏರಿಯಾ ಬೇಕು. ಏರಿಯಾ ಅಂದರೆ ಒಪೆರಾದಲ್ಲಿ ಒಂದು ಪಾತ್ರ ಒಂಟಿಯಾಗಿ ನಿಂತು ಹಾಡುವ ಹಾಡು. ಇಟಾಲಿಯನ್, ಜರ್ಮನ್, ಫ್ರೆಂಚ್, ಇಂಗ್ಲಿಷ್ ನಾಲ್ಕೂ ಇರಬೇಕು. ಒಂದು ಮೋಟ್ಸಾರ್ಟ್ ಇದ್ದರೆ ಒಳ್ಳೆಯದು, ಇತ್ತೀಚಿನದೂ ಒಂದು ಇರಬೇಕು. ನನ್ನದು ಮೆಝೊ ಸೊಪ್ರಾನೊ ದನಿ, ಅಂದರೆ ಹೆಣ್ಣು ದನಿಗಳಲ್ಲಿ ನಡುವಿನದು. ಈ ದನಿಗೆ ಒಪೆರಾದಲ್ಲಿ ಗಂಡು ಹುಡುಗರ ಪಾತ್ರ ಜಾಸ್ತಿ. ನಮ್ಮ ಕಂಪನಿ ನಾಟಕಗಳಲ್ಲಿ ಗಂಡಸರು ಸ್ತ್ರೀಪಾತ್ರ ಕಟ್ಟುತ್ತಿದ್ದರಲ್ಲ, ಇಲ್ಲಿ ಅದು ಉಲ್ಟಾ. ನನ್ನ ಪಟ್ಟಿಯಲ್ಲೇ ಮೂವರು ಗಂಡು ಹುಡುಗರಿದ್ದರು: ಮೋಟ್ಸಾರ್ಟ್‌ನ ಚೆರುಬಿನೋ, ಹ್ಯಾಂಡಲ್‌ನ ಸೆಸ್ಟೊ, ರಿಚರ್ಡ್ ಸ್ಟ್ರಾಸ್‌ನ ‘ಅರಿಯಾಡ್ನೆ’ಯಲ್ಲಿ ಬರುವ ಸಂಗೀತಗಾರ ಹುಡುಗ. ಫ್ರೆಂಚ್‌ಗೆ ಮಾಸ್ನೆಯ ಶಾರ್ಲೊಟ್. ಇಂಗ್ಲಿಷ್‌ಗೆ ಸ್ಯಾಮ್ಯುಯೆಲ್ ಬಾರ್ಬರ್‌ನ ‘ವನೆಸಾ’ದಿಂದ ಎರಿಕಾಳ ಹಾಡು. ಈ ಕೊನೆಯದನ್ನು ಅಮೆರಿಕದ ಮೆಝೊಗಳೆಲ್ಲ ಹಾಡುತ್ತಾರೆ. ಚಂದವಾಗಿದೆ ಅನ್ನುವುದು ಒಂದು ಕಾರಣ. ಎರಡೇ ನಿಮಿಷದಲ್ಲಿ ಮುಗಿಯುತ್ತದೆ ಅನ್ನುವುದು ಇನ್ನೊಂದು. ಸಂಜೆ ನಾಲ್ಕು ಗಂಟೆಗೆ ಹಾಡು ಕೇಳಿ ಕೇಳಿ ಸುಸ್ತಾಗಿ ಕೂತ ಆಯ್ಕೆಗಾರರ ಪ್ಯಾನೆಲ್‌ಗೆ ಎರಡು ನಿಮಿಷದ ಹಾಡು ಅಂದರೆ ಎಷ್ಟು ಪ್ರೀತಿ ಇರಬಹುದು, ಯೋಚನೆ ಮಾಡಿ.

ಮೊದಲ ಸುತ್ತು ವಿಡಿಯೊ. ಚರ್ಚಿನ ಹಾಲ್ ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಹಿಡಿದು, ಪಿಯಾನಿಸ್ಟ್‌ಗೂ ಗಂಟೆ ಲೆಕ್ಕದಲ್ಲೇ ದುಡ್ಡು ಕೊಟ್ಟು ರೆಕಾರ್ಡ್ ಮಾಡಬೇಕು. ಒಂದು ಹಾಡು ಒಂದೇ ಟೇಕ್, ಕತ್ತರಿ ಹಾಕುವಂತಿಲ್ಲ. ಎಸಿ ಆಫ್ ಮಾಡಿದರೆ ಬೆವರು, ಹಾಕಿದರೆ ಮೈಕಿನಲ್ಲಿ ಗುಂಯ್ ಅನ್ನುವ ಸದ್ದು. ಶಾರ್ಲೊಟ್ ಅಳುವ ಹಾಡು ತುಂಬಾ ಚೆನ್ನಾಗಿ ಬಂದ ಟೇಕಿನ ಕೊನೆಯ ಸ್ವರಕ್ಕೆ ಸರಿಯಾಗಿ ಹೊರಗೆ ಕಸದ ಲಾರಿ ಹಿಂದೆ ಬಂತು. ಬೀಪ್ ಬೀಪ್ ಬೀಪ್. ಅದನ್ನೇ ಕಳಿಸೋಣ, ಶ್ರುತಿಯಲ್ಲೇ ಇದೆ ಅಂದ ಪಿಯಾನಿಸ್ಟ್.

ಆಮೇಲೆ ಮೇಲ್‌ಗಳು ಬರಲು ಶುರು. ‘ಈ ವರ್ಷ ಬಹಳ ಪ್ರತಿಭಾವಂತರು ಅರ್ಜಿ ಹಾಕಿದ್ದರು’ ಅಂತ ಶುರುವಾದರೆ ಮುಂದೆ ಓದುವ ಅಗತ್ಯ ಇಲ್ಲ. ಒಂದು ಕಂಪನಿಯವರು ಇನ್ಯಾರದೋ ಹೆಸರು ಹಾಕಿ ನನಗೆ ‘ಇಲ್ಲ’ ಅಂತ ಬರೆದಿದ್ದರು. ಆ ಹುಡುಗಿಗೆ ನನ್ನ ಹೆಸರಿನಲ್ಲಿ ‘ಹೌದು’ ಅಂತ ಹೋಗಿದೆಯೋ ಏನೋ ಅಂತ ಸ್ವಲ್ಪ ದಿನ ತಲೆ ಕೆಡಿಸಿಕೊಂಡಿದ್ದೆ.

ಕರೆದವರ ಮುಂದೆ ಹಾಡಲು ನ್ಯೂಯಾರ್ಕಿಗೆ ಹೋಗಬೇಕು. ಕೆಲವು ಕಂಪನಿಗಳು ಬೇರೆ ಊರುಗಳಲ್ಲೂ ಕೇಳುತ್ತವೆ, ಆದರೆ ನವೆಂಬರ್ ತಿಂಗಳಲ್ಲಿ ಒಪೆರಾ ಲೋಕ ಪೂರ್ತಿ ಮ್ಯಾನ್‌ಹಟನ್ನಿನಲ್ಲೇ ಬೀಡು ಬಿಟ್ಟಿರುತ್ತದೆ. ಸೆವೆಂತ್ ಅವೆನ್ಯೂದಲ್ಲಿ ನ್ಯಾಷನಲ್ ಒಪೆರಾ ಸೆಂಟರ್ ಅಂತ ಒಂದಿದೆ, 2012ರಲ್ಲಿ ಶುರುವಾಗಿದ್ದು. ದೊಡ್ಡ ಕಟ್ಟಡವೊಂದರಲ್ಲಿ ಲಿಫ್ಟ್ ಹತ್ತಿ ಹೋದರೆ ಸಾಲಾಗಿ ರಿಹರ್ಸಲ್ ಕೋಣೆಗಳು. ಒಂದೊಂದು ಬಾಗಿಲಿನ ಹಿಂದೆ ಒಂದೊಂದು ಕಂಪನಿ. ಕಾರಿಡಾರಿನಲ್ಲಿ ಹುಡುಗಿಯರು ಒದ್ದೆ ಬೂಟು ಬಿಚ್ಚಿ ಹೀಲ್ಸ್ ಹಾಕಿಕೊಳ್ಳುತ್ತಿರುತ್ತಾರೆ. ಹುಡುಗರು ಗೋಡೆಗೆ ಮುಖ ಮಾಡಿ ತುಟಿ ಬುರ್ರ್ ಅನ್ನಿಸುತ್ತಿರುತ್ತಾರೆ. ಎಲ್ಲರೂ ಎಲ್ಲರನ್ನೂ ನೋಡಿ ನಗುತ್ತಾರೆ. ಎಲ್ಲರ ಕಿವಿಯೂ ಬಾಗಿಲ ಕಡೆ. ಒಳಗಿರುವವಳು ಯಾವ ಏರಿಯಾ ಹಾಡುತ್ತಿದ್ದಾಳೆ? ನನ್ನದೇನಾ? ನನ್ನದೇ. ಮೆಝೊಗಳ ದಿನ ಅಂದರೆ ಹಾಗೇ, ಬಾಗಿಲಿನಿಂದ ಒಂದಾದ ಮೇಲೆ ಒಂದು ಚೆರುಬಿನೋ ಹೊರಬರುತ್ತಾನೆ.

ಕೈಯಲ್ಲಿ ಬೈಂಡರ್ ಇರಬೇಕು. ಕೋಣೆಯೊಳಗಿನ ಪಿಯಾನಿಸ್ಟ್ ಕಂಪನಿಯವರು, ನಮ್ಮನ್ನು ಅವತ್ತೇ ಮೊದಲು ನೋಡುವವರು. ಹಾಗಾಗಿ ಸ್ವರಲಿಪಿಯ ಪುಟಗಳನ್ನು ಎರಡೂ ಬದಿ ಜೆರಾಕ್ಸ್ ಮಾಡಿಸಿ, ತೂತು ಹೊಡೆದು, ಐದು ಏರಿಯಾಕ್ಕೂ ಚೀಟಿ ಅಂಟಿಸಿ, ಬಿಟ್ಟು ಹಾಡುವ ಸಾಲುಗಳಿಗೆ ದಪ್ಪ ಪೆನ್ಸಿಲಿನಲ್ಲಿ ಗೀಟು ಎಳೆದಿರಬೇಕು. ಪ್ಲಾಸ್ಟಿಕ್ ಕವರಿನೊಳಗೆ ಹಾಕಬಾರದು, ದೀಪದ ಬೆಳಕಿಗೆ ಮಿಂಚುತ್ತದೆ. ಪುಟ ತಿರುಗಿಸುವ ಮೂಲೆ ಸ್ವಲ್ಪ ಮಡಚಿದ್ದರೆ ಪಿಯಾನಿಸ್ಟ್ ಮನಸ್ಸಿನಲ್ಲೇ ಆಶೀರ್ವಾದ ಮಾಡುತ್ತಾರೆ. ಒಳಗೆ ಹೋದ ಕೂಡಲೇ ಅವರ ಪಕ್ಕ ಬಗ್ಗಿ ಎರಡು ಸಾಲು ಮೆಲ್ಲಗೆ ಗುನುಗಿ ಲಯ ತಿಳಿಸಬೇಕು. ಬೆರಳಿನಲ್ಲಿ ಚಿಟಿಕೆ ಹೊಡೆದು ತೋರಿಸಬಾರದು, ಅದು ಅವಮಾನ ಮಾಡಿದ ಹಾಗೆ. ತಾಳ ಹಾಕಿಕೊಂಡು ಬೆಳೆದ ಕೈ ನನ್ನದು. ಅದನ್ನು ಬೆನ್ನ ಹಿಂದೆ ಕಟ್ಟಿಕೊಂಡೇ ಗುನುಗುತ್ತಿದ್ದೆ.

ಸಾಂಟಾ ಫೇಯವರ ಕೋಣೆಯಲ್ಲಿ ಉದ್ದ ಮೇಜು, ಲ್ಯಾಪ್‌ಟಾಪ್‌ಗಳು, ಕಾಫಿ ಲೋಟಗಳು. ಮೊದಲ ಏರಿಯಾ ನಮ್ಮ ಆಯ್ಕೆ, ಎರಡನೆಯದು ಅವರದ್ದು. ನಾನು ಸ್ಟ್ರಾಸ್‌ನಿಂದ ಶುರು ಮಾಡಿದೆ. ಟೀಚರ್ ಬೇಡ ಅಂದಿದ್ದರು, ದಣಿಸುವ ಹಾಡು ಅಂತ. ಆದರೆ ನನ್ನ ದನಿಯಲ್ಲಿ ಏನಿದೆ ಅನ್ನುವುದು ಒಂದು ನಿಮಿಷದಲ್ಲಿ ಗೊತ್ತಾಗುವುದು ಅದರಲ್ಲೇ. ಮುಗಿದ ಮೇಲೆ ಮೇಜಿನ ಆ ಕಡೆ ಸ್ವಲ್ಪ ಪಿಸುಮಾತು, ಕೀಬೋರ್ಡ್ ಟಕಟಕ. ನಾನು ಎರಿಕಾ ಕೇಳುತ್ತಾರೆ ಅಂದುಕೊಂಡಿದ್ದೆ. ಅವರು ಕೇಳಿದ್ದು ಸೆಸ್ಟೊ. ಆಮೇಲೆ ‘ಕೆಳಗಿನ ಸ್ವರಗಳು ಎಲ್ಲಿಯವರೆಗೆ ಹೋಗುತ್ತವೆ?’ ಅಂದರು. ಹಾಡಿ ತೋರಿಸಿದೆ. ಥ್ಯಾಂಕ್ಯೂ, ಮುಂದಿನವರು. ಎಲ್ಲ ಸೇರಿ ಹತ್ತು ನಿಮಿಷ ಆಗಿರಲಿಕ್ಕಿಲ್ಲ. ಇದಕ್ಕೆ ವಿಮಾನ, ಮೂವರು ಹುಡುಗಿಯರು ಹಂಚಿಕೊಂಡ ಒಂದು ರೂಮು, ತಪ್ಪಿಸಿಕೊಂಡ ಕ್ಲಾಸು.

ಆ ‘ಎಲ್ಲಿಯವರೆಗೆ’ ಅನ್ನುವ ಪ್ರಶ್ನೆಯ ಅರ್ಥ ನನಗೆ ಆಗಿದ್ದು ಬೇಸಿಗೆಯಲ್ಲಿ. ನಾವು ಆಡಿಷನ್ ಅಂದರೆ ಪರೀಕ್ಷೆ, ಜಾಸ್ತಿ ಅಂಕ ಬಂದವರು ಪಾಸು ಅಂದುಕೊಂಡಿರುತ್ತೇವೆ. ಅದು ಹಾಗಲ್ಲ. ಮುಂದಿನ ಬೇಸಿಗೆ ಯಾವ ಐದು ಒಪೆರಾ ಅನ್ನುವುದು ಅವರಿಗೆ ಮೊದಲೇ ನಿಶ್ಚಯವಾಗಿರುತ್ತದೆ. ಕೋರಸ್‌ನ ಕೆಳದನಿಗೆ ಇಷ್ಟು ಜನ ಬೇಕು, ಈ ಪಾತ್ರಕ್ಕೆ ಕವರ್, ಅಂದರೆ ಬದಲಿ ಗಾಯಕಿ, ಬೇಕು, ಜರ್ಮನ್ ಬರುವ ಮೆಝೊ ಒಬ್ಬಳು ಬೇಕು, ಇಂಥ ಒಂದು ಲೆಕ್ಕ ಅವರ ಮುಂದೆ ಇರುತ್ತದೆ. ನನಗಿಂತ ಚೆನ್ನಾಗಿ ಹಾಡುವ ಮೆಝೊ ನನ್ನ ಕ್ಲಾಸಿನಲ್ಲೇ ಇದ್ದಳು, ಅವಳಿಗೆ ಆ ವರ್ಷ ಸಿಗಲಿಲ್ಲ. ಅವಳ ದನಿ ಮೇಲಿನದು. ಆ ಬೇಸಿಗೆಯ ಲೆಕ್ಕದಲ್ಲಿ ಖಾಲಿ ಇದ್ದದ್ದು ಕೆಳಗಿನ ಜಾಗ. ಅಷ್ಟೇ. ನೂರಾರು ಜನ ಅರ್ಜಿ ಹಾಕುವ ಕಡೆ ನಲವತ್ತರ ಆಸುಪಾಸು ಗಾಯಕರನ್ನು ಆರಿಸುವುದು ಅಂದರೆ ಹೀಗೇ ನಡೆಯಬೇಕು, ಬೇರೆ ದಾರಿಯೂ ಇಲ್ಲ. ಇದು ಮೊದಲೇ ಗೊತ್ತಿದ್ದರೆ ಹಿಂದಿನ ವರ್ಷದ ‘ಇಲ್ಲ’ಗಳಿಗೆ ಅಷ್ಟೊಂದು ಅಳುತ್ತಿರಲಿಲ್ಲ.

ಹೌದು ಅನ್ನುವ ಮೇಲ್ ಬಂದ ದಿನ ಅಮ್ಮನಿಗೆ ಫೋನ್ ಮಾಡಿದೆ. ‘ಶ್ರುತಿಪೆಟ್ಟಿಗೆ ಇಲ್ದೆ, ಮೈಕೂ ಇಲ್ದೆ, ಎರಡು ಸಾವಿರ ಜನರ ಮುಂದೆ ಹೇಗೆ ಹಾಡ್ತೀಯೇ?’ ಅಂದರು. ಅಪ್ಪ ಪಕ್ಕದಿಂದ, ‘ಸಂಬಳ ಎಷ್ಟಂತೆ ಕೇಳು’ ಅಂದರು.

ನಮ್ಮಂಥವರಿಗೆ ಆಮೇಲೆ ಇನ್ನೊಂದು ಆಡಿಷನ್ ಇದೆ, ಅದು ವೀಸಾದ್ದು. ವಿದ್ಯಾರ್ಥಿ ವೀಸಾದಲ್ಲಿ ಓದು ಮುಗಿಸಿದವರಿಗೆ ಓಪಿಟಿ ಅಂತ ಒಂದು ವರ್ಷದ ಕೆಲಸದ ಅನುಮತಿ ಸಿಗುತ್ತದೆ. ಓದು ಮುಗಿಯುವ 90 ದಿನ ಮೊದಲಿನಿಂದ ಅರ್ಜಿ ಹಾಕಬಹುದು. ಕಾರ್ಡು ಕೈಗೆ ಬರದೆ ಕೆಲಸ ಶುರು ಮಾಡುವಂತಿಲ್ಲ. ನನ್ನ ರಿಹರ್ಸಲ್ ಇದ್ದದ್ದು ಮೇ ಕೊನೆಯಲ್ಲಿ, ಪದವಿ ಮುಗಿದದ್ದು ಅದೇ ತಿಂಗಳು. ಸಹಪಾಠಿಗಳು ಸ್ವರಲಿಪಿ ಬಾಯಿಪಾಠ ಮಾಡುತ್ತಿದ್ದರೆ ನಾನು ಅದರ ಜೊತೆಗೆ ಅಂಚೆ ಡಬ್ಬಿಯನ್ನೂ ನೋಡುತ್ತಿದ್ದೆ. ಸಂಗೀತ ಓದಲು ಅಮೆರಿಕಕ್ಕೆ ಬರುವವರು ಇದನ್ನು ಫೆಬ್ರವರಿಯಲ್ಲೇ ಯೋಚಿಸಿಕೊಳ್ಳಿ. ಇಂಜಿನಿಯರಿಂಗ್ ಓದಿದವರಿಗೆ ಸಿಗುವ ಎರಡು ವರ್ಷದ ವಿಸ್ತರಣೆ ನಮಗಿಲ್ಲ.

ಸಾಂಟಾ ಫೇ ಸಮುದ್ರಮಟ್ಟದಿಂದ ಸುಮಾರು 7,000 ಅಡಿ ಎತ್ತರದಲ್ಲಿದೆ. ಮೊದಲ ವಾರ ಎರಡು ಮೆಟ್ಟಿಲು ಹತ್ತಿದರೂ ಉಸಿರು ಕಟ್ಟುತ್ತಿತ್ತು. ಒಂದೇ ಉಸಿರಿನಲ್ಲಿ ಹಾಡುತ್ತಿದ್ದ ಸಾಲು ಎರಡು ತುಂಡಾಯಿತು. ಗಾಳಿ ಎಷ್ಟು ಒಣ ಅಂದರೆ ಬೆಳಿಗ್ಗೆ ಎದ್ದರೆ ಗಂಟಲು ಅಂಟಿಕೊಂಡಿರುತ್ತದೆ. ಎಲ್ಲರ ರೂಮಿನಲ್ಲೂ ಹ್ಯೂಮಿಡಿಫೈಯರ್, ಎಲ್ಲರ ಕೈಯಲ್ಲೂ ಬಿಂದಿಗೆಯಷ್ಟು ದೊಡ್ಡ ನೀರಿನ ಬಾಟಲಿ. ಜೊತೆಯಲ್ಲಿದ್ದ ಹುಡುಗಿ ಬಚ್ಚಲಿನಲ್ಲಿ ಒಂದು ಪುಟ್ಟ ಗಿಂಡಿ ತೋರಿಸಿ, ಇದರಿಂದ ಮೂಗಿಗೆ ಉಪ್ಪುನೀರು ಬಿಟ್ಟುಕೊಂಡರೆ ದನಿ ತೆರೆದುಕೊಳ್ಳುತ್ತದೆ, ಹೇಗೆ ಅಂತ ಹೇಳಿಕೊಡ್ತೀನಿ ಬಾ ಅಂದಳು. ಜಲನೇತಿ. ಶಾಲೆಯಲ್ಲಿ ಯೋಗದ ಮೇಷ್ಟ್ರಿಂದ ತಪ್ಪಿಸಿಕೊಂಡು ಓಡಿದ್ದು ಕೊನೆಗೂ ನ್ಯೂ ಮೆಕ್ಸಿಕೋದಲ್ಲಿ ಹಿಡಿಯಿತು.

ಅಡುಗೆಯದೂ ಅದೇ ಕಥೆ. ಆ ಎತ್ತರದಲ್ಲಿ ನೀರು ಸುಮಾರು 93 ಡಿಗ್ರಿಗೇ ಕುದಿಯುತ್ತದೆ. ತೊಗರಿಬೇಳೆ ಕುದಿಯುತ್ತಾ ಕುದಿಯುತ್ತಾ ಇರುತ್ತದೆ, ಬೇಯುವುದಿಲ್ಲ. ಕುಕ್ಕರ್ ಇಲ್ಲದೆ ಸಾರಿನ ಆಸೆ ಬಿಡಬೇಕು. ಆದರೆ ಅಲ್ಲಿನ ಒಣಮೆಣಸಿನಕಾಯಿ ನಮ್ಮ ಬ್ಯಾಡಗಿಯ ನೆಂಟನೇ ಇರಬೇಕು, ಬಣ್ಣ ಜಾಸ್ತಿ, ಖಾರ ಹಿತ. ಅದನ್ನೇ ಹುರಿದು ಪುಡಿ ಮಾಡಿ ಮಾಡಿದ ಸಾರು ನಮ್ಮ ಮನೆಯಲ್ಲಿ ತುಂಬಾ ಓಡಿತು. ಹೋಟೆಲಿಗೆ ಹೋದರೆ ‘ಕೆಂಪೋ ಹಸಿರೋ’ ಅಂತ ಕೇಳುತ್ತಾರೆ, ಮೆಣಸಿನ ಗೊಜ್ಜು ಯಾವುದು ಬೇಕು ಅಂತ. ಎರಡೂ ಬೇಕಿದ್ದರೆ ‘ಕ್ರಿಸ್ಮಸ್’ ಅನ್ನಬೇಕು. ಶೋ ಮುಗಿದ ಮೇಲೆ ರಾತ್ರಿ ಅದನ್ನು ತಿಂದು ಮಲಗಿದರೆ ಮಾರನೇ ದಿನ ಹುಳಿತೇಗು, ಅದರ ಹಿಂದೆ ದನಿ ಕರಕರ. ಗಾಯಕರೆಲ್ಲ ಮಧ್ಯಾಹ್ನವೇ ತಿಂದು ಮುಗಿಸುತ್ತಿದ್ದೆವು.

ರಿಹರ್ಸಲ್ಲಿನ ಮೊದಲ ದಿನವೇ ಕೋರಸ್ ಪೂರ್ತಿ ಬಾಯಿಗೆ ಬಂದಿರಬೇಕು. ಪುಸ್ತಕ ಕೈಯಲ್ಲಿ ಹಿಡಿಯುವಂತಿಲ್ಲ. ಆ ವರ್ಷ ‘ಲಾ ಟ್ರಾವಿಯಾಟಾ’, ‘ಡಾನ್ ಜೊವಾನಿ’, ‘ದಿ ಎಲಿಕ್ಸಿರ್ ಆಫ್ ಲವ್’, ಸ್ಟ್ರಾಸ್‌ನ ‘ಡೆರ್ ರೋಸೆನ್‌ಕವಲಿಯರ್’, ಜೊತೆಗೆ ಗ್ರೆಗರಿ ಸ್ಪಿಯರ್ಸ್ ಸಂಗೀತ ಮತ್ತು ಕವಿ ಟ್ರೇಸಿ ಕೆ. ಸ್ಮಿತ್ ಸಾಹಿತ್ಯದ ‘ದಿ ರೈಟಿಯಸ್’. ಕೊನೆಯದು ಹೊಚ್ಚಹೊಸದು, ಜುಲೈನಲ್ಲಿ ಮೊದಲ ಪ್ರದರ್ಶನ. ಹಳೆಯ ಒಪೆರಾ ಆದರೆ ಯೂಟ್ಯೂಬಿನಲ್ಲಿ ಹತ್ತು ಜನ ಹಾಡಿದ್ದನ್ನು ಕೇಳಬಹುದು. ಹೊಸದಕ್ಕೆ ಆ ಸೌಕರ್ಯ ಇಲ್ಲ, ಕಾಗದದ ಮೇಲಿನ ಸ್ವರ ಮಾತ್ರ. ನನಗೆ ಅದೇ ಹೆಚ್ಚು ಖುಷಿ ಕೊಟ್ಟಿತು. ಹಿಂದೆ ಯಾರೂ ಹಾಡಿಲ್ಲದ್ದನ್ನು ಹಾಡುವಾಗ ಹೋಲಿಸಿ ನೋಡುವವರು ಇರುವುದಿಲ್ಲ ನೋಡಿ.

ಜೂನ್ ಪೂರ್ತಿ ಬೆಳಿಗ್ಗೆ ಒಂದು ಒಪೆರಾ, ಮಧ್ಯಾಹ್ನ ಇನ್ನೊಂದು, ರಾತ್ರಿ ಮತ್ತೊಂದು. ನಡುವೆ ಬಟ್ಟೆಯ ಅಳತೆ, ವಿಗ್ಗಿನ ಅಳತೆ, ಭಾಷೆಯ ಪಾಠ. ನಾಳೆಯ ವೇಳಾಪಟ್ಟಿ ಇವತ್ತು ಸಂಜೆ ಬರುತ್ತದೆ. ಅದು ಬರುವ ತನಕ ನಾಳೆ ಬಟ್ಟೆ ಒಗೆಯಲು ಪುರುಸೊತ್ತು ಇದೆಯೋ ಇಲ್ಲವೋ ಗೊತ್ತಿಲ್ಲ. ಸೀಸನ್ ಜೂನ್ 28ಕ್ಕೆ ಶುರುವಾಯಿತು, ಆಗಸ್ಟ್ 24ಕ್ಕೆ ಮುಗಿಯಿತು. ಆಗಸ್ಟ್ ಬರುವಷ್ಟರಲ್ಲಿ ಐದೂ ಒಪೆರಾ ಸರದಿಯಲ್ಲಿ ಓಡುತ್ತವೆ. ಸೋಮವಾರ ಪ್ಯಾರಿಸ್ಸಿನ ಪಾರ್ಟಿಯ ಅತಿಥಿ, ಬುಧವಾರ ಇಟಲಿಯ ಹಳ್ಳಿ ಹುಡುಗಿ. ಕೂದಲಿಗೆ ಪಿನ್ನು ಚುಚ್ಚಿ ಚುಚ್ಚಿ ಬುರುಡೆ ನೋಯುತ್ತದೆ.

ಆ ರಂಗಮಂದಿರದ ಬಗ್ಗೆ ಹೇಳಲೇಬೇಕು. ಮೇಲೆ ಚಾವಣಿ ಇದೆ, ಪಕ್ಕಗಳಲ್ಲಿ ಗೋಡೆ ಇಲ್ಲ. ಮುಂದಿನ ಪರದೆಯೇ ಇಲ್ಲ. ವೇದಿಕೆಯ ಹಿಂಭಾಗ ತೆರೆದಿಟ್ಟರೆ ಪಶ್ಚಿಮಕ್ಕೆ ಹೇಮೆಜ್ ಬೆಟ್ಟಗಳು, ಅದರ ಹಿಂದೆ ಮುಳುಗುವ ಸೂರ್ಯ. ಅದಕ್ಕೇ ಜುಲೈನಲ್ಲಿ ಆಟ ರಾತ್ರಿ ಎಂಟೂವರೆಗೆ, ಆಗಸ್ಟ್‌ನಲ್ಲಿ ಎಂಟಕ್ಕೆ. ಜನ ಸಂಜೆಯೇ ಬಂದು ಕಾರಿನ ಹಿಂದೆ ಮೇಜು ಹಾಕಿ, ಬಿಳಿ ಬಟ್ಟೆ ಹಾಸಿ, ಪಾರ್ಕಿಂಗ್ ಜಾಗದಲ್ಲೇ ಊಟ ಮಾಡುತ್ತಾರೆ. ಈಗಿನ ಕಟ್ಟಡ 1998ರದ್ದು. ಅದಕ್ಕೂ ಹಿಂದಿನದರಲ್ಲಿ ಚಾವಣಿಯ ನಡುವೆ ಬಯಲಿತ್ತಂತೆ, ಮಳೆ ಬಂದರೆ ಅಲ್ಲಿ ಕೂತವರು ನೆನೆಯುತ್ತಿದ್ದರು. ಇನ್ನೂ ಹಿಂದಿನದು 1967ರ ಜುಲೈನಲ್ಲಿ, ಸೀಸನ್ ನಡುವೆಯೇ, ಸುಟ್ಟುಹೋಯಿತು. ಉಳಿದ ಆಟಗಳನ್ನು ಊರಿನ ಒಂದು ಜಿಮ್ನೇಷಿಯಂನಲ್ಲಿ ಮುಗಿಸಿದರು. ಮುಂದಿನ ಬೇಸಿಗೆಗೆ ಹೊಸದು ಕಟ್ಟಿದರು.

ಜುಲೈ ಆಗಸ್ಟ್ ಅಂದರೆ ಅಲ್ಲೂ ಮಳೆಗಾಲ. ಮಧ್ಯಾಹ್ನ ಬಿಸಿಲು ಸುಡುತ್ತದೆ, ಸಂಜೆ ಮೋಡ ಕಟ್ಟಿ ಗುಡುಗು. ಒಂದು ಸಲ ‘ಡಾನ್ ಜೊವಾನಿ’ಯಲ್ಲಿ ಸತ್ತವನ ಪ್ರತಿಮೆ ಊಟಕ್ಕೆ ಬರುವ ಹೊತ್ತಿಗೆ ಸರಿಯಾಗಿ ಸಿಡಿಲು ಹೊಡೆಯಿತು. ಜನ ಅದನ್ನೂ ಕಂಪನಿಯ ಏರ್ಪಾಡು ಅಂದುಕೊಂಡಿರಬೇಕು. ಗಾಳಿ ಅಡ್ಡ ಬೀಸಿದರೆ ವೇದಿಕೆಯ ಅಂಚು ಒದ್ದೆಯಾಗುತ್ತದೆ, ಆಗ ನಮ್ಮ ಕಾಲು ನೆಲದ ಮೇಲೆ, ಕಣ್ಣು ಕಂಡಕ್ಟರ್ ಮೇಲೆ. ಮಳೆ ನಿಂತ ಕೂಡಲೇ ಚಳಿ. ಹೊತ್ತು ಇಳಿಯುವಾಗ ಬೆವರುತ್ತಾ ಹಾಕಿಕೊಂಡ ದಪ್ಪ ಗೌನನ್ನು ಹನ್ನೊಂದು ಗಂಟೆಗೆ ಬಿಚ್ಚಲು ಮನಸ್ಸೇ ಬರುವುದಿಲ್ಲ.

ನಾವು ಗೌನು ಬಿಚ್ಚಿ ಹೊರಡುವಾಗ ಇನ್ನೊಂದು ಗುಂಪು ಒಳಗೆ ಬರುತ್ತದೆ. ಟೆಕ್ನಿಕಲ್ ಅಪ್ರೆಂಟಿಸ್‌ಗಳು. ಬಡಗಿ ಕೆಲಸ, ದೀಪ, ಬಟ್ಟೆ, ವಿಗ್, ಸಾಮಾನು ನೋಡಿಕೊಳ್ಳುವ ಹುಡುಗ ಹುಡುಗಿಯರು. ಮಾಮೂಲಿ ಒಪೆರಾ ಹೌಸ್‌ಗಳಲ್ಲಿ ಸೆಟ್ಟನ್ನು ಹಗ್ಗ ಕಟ್ಟಿ ಮೇಲಕ್ಕೆ ಎಳೆದಿಡುತ್ತಾರೆ. ಇಲ್ಲಿ ಮೇಲೆ ಆ ಜಾಗವೇ ಇಲ್ಲ, ಎಲ್ಲ ಕೆಳಗಿನಿಂದ ಲಿಫ್ಟಿನಲ್ಲಿ ಬರಬೇಕು. ರಾತ್ರಿ ಒಂದನ್ನು ಕಳಚಿ ಇನ್ನೊಂದನ್ನು ನಿಲ್ಲಿಸುತ್ತಾರೆ. ಚಪ್ಪಾಳೆ ನಮಗೆ, ಬೊಬ್ಬೆ ಎದ್ದ ಕೈ ಅವರಿಗೆ. ಒಪೆರಾ ಅಂದರೆ ಗಾಯಕರು ಅನ್ನುವವರನ್ನು ಒಂದು ರಾತ್ರಿ ಅಲ್ಲಿ ಕೂರಿಸಬೇಕು.

‘ರೋಸೆನ್‌ಕವಲಿಯರ್’ನಲ್ಲಿ ನಾನು ಆನ್ನಿನಾ ಅನ್ನುವ ಪಾತ್ರದ ಕವರ್. ಪಾತ್ರ ಮಾಡುವವರಿಗೆ ಜ್ವರ ಬಂದರೆ ಬದಲಿಗೆ ನಿಲ್ಲುವವಳು. ಆನ್ನಿನಾ ಚಾಡಿ ಹೇಳಿ ಬದುಕುವ ಇಟಾಲಿಯನ್ ಹೆಂಗಸು, ವಿಯೆನ್ನಾದ ಜರ್ಮನ್ ಮಾತಾಡುತ್ತಾಳೆ. ಎರಡನೇ ಅಂಕದ ಕೊನೆಯಲ್ಲಿ ಬ್ಯಾರನ್‌ಗೆ ಒಂದು ಕಾಗದ ತಂದು ಓದಿ ಹೇಳುತ್ತಾಳೆ, ಆಮೇಲೆ ಭಕ್ಷೀಸು ಕೊಡದೆ ಕಳಿಸಿದ ಅಂತ ಸಿಟ್ಟಾಗುತ್ತಾಳೆ. ತಮಾಷೆ ಅಂದರೆ ‘ಟ್ರಾವಿಯಾಟಾ’ದಲ್ಲೂ ಒಬ್ಬಳು ಆನ್ನಿನಾ ಇದ್ದಾಳೆ, ಮನೆಗೆಲಸದವಳು. ಅವಳ ಕವರ್ ನನ್ನ ಜೊತೆ ಮನೆಯಲ್ಲಿದ್ದ ಜಲನೇತಿ ಹುಡುಗಿ. ಸಂಜೆ ವೇಳಾಪಟ್ಟಿಯಲ್ಲಿ ಆನ್ನಿನಾ ಹೆಸರು ಕಂಡರೆ ಇಬ್ಬರೂ ಬಗ್ಗಿ ಯಾವ ಒಪೆರಾ ಅಂತ ನೋಡುತ್ತಿದ್ದೆವು.

ಆ ಜರ್ಮನ್ ಪಾಠದ ನಡುವೆ ಒಂದು ದಿನ ಕೋಚ್‌ಗೆ ನಮ್ಮೂರಿನ ವಿಷಯ ಹೇಳಿದೆ. ಸ್ಟ್ರಾಸ್ ಸಾಯುವ ಮೊದಲು ಬರೆದ ನಾಲ್ಕು ಕೊನೆಯ ಹಾಡುಗಳು ಮೊದಲ ಬಾರಿ ಕೇಳಿಬಂದದ್ದು 1950ರ ಮೇ 22ರಂದು, ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ. ಹಾಡಿದ್ದು ಕಿರ್ಸ್ಟನ್ ಫ್ಲಾಗ್‌ಸ್ಟಾಡ್, ಕಂಡಕ್ಟರ್ ಫುರ್ಟ್‌ವ್ಯಾಂಗ್ಲರ್. ಆ ಕಛೇರಿಯ ಖರ್ಚಿಗೆ ಬೆನ್ನಾಗಿ ನಿಂತವರು ಮೈಸೂರಿನ ಜಯಚಾಮರಾಜ ಒಡೆಯರ್. ಅವರು ಪಿಯಾನೊ ಕಲಿತವರು, ರಷ್ಯಾದ ಮೆಟ್ನರ್‌ನ ಸಂಗೀತದ ರೆಕಾರ್ಡಿಂಗ್‌ಗೂ ದುಡ್ಡು ಕೊಟ್ಟವರು, ಜೊತೆಗೆ ಕರ್ನಾಟಕ ಸಂಗೀತದಲ್ಲಿ ಕೃತಿಗಳನ್ನು ರಚಿಸಿದವರು. ಕೋಚ್ ಪಿಯಾನೊದಿಂದ ಕೈ ತೆಗೆದು ಇನ್ನೊಂದು ಸಲ ಹೇಳು ಅಂದರು. ಸ್ಟ್ರಾಸ್‌ನ ‘ಡಾಫ್ನೆ’ಯನ್ನು 1964ರಲ್ಲಿ ಅಮೆರಿಕದ ವೇದಿಕೆಗೆ ಮೊದಲು ತಂದ ಕಂಪನಿ ಅದು, ಅಲ್ಲಿ ಸ್ಟ್ರಾಸ್ ಅಂದರೆ ಎಲ್ಲರ ಕಿವಿ ನೆಟ್ಟಗಾಗುತ್ತದೆ. ಆ ವಾರ ಪೂರ್ತಿ ಕ್ಯಾಂಟೀನಿನಲ್ಲಿ ನನ್ನನ್ನು ‘ಮೈಸೂರ್’ ಅಂತಲೇ ಕರೆದರು.

ಕವರ್ ಆಗಿರುವುದು ವಿಚಿತ್ರ ಕೆಲಸ. ಪಾತ್ರ ಪೂರ್ತಿ ಬರಬೇಕು. ಎಲ್ಲಿ ನಿಲ್ಲಬೇಕು, ಯಾವ ಕೈಯಲ್ಲಿ ಕಾಗದ, ಯಾವ ಮಾತಿಗೆ ತಿರುಗಬೇಕು, ಎಲ್ಲ. ರಿಹರ್ಸಲ್ ಕೋಣೆಯ ಹಿಂದೆ ಕೂತು ಪು‌ಸ್ತಕದಲ್ಲಿ ಬಾಣ ಗುರುತು ಹಾಕಿಕೊಳ್ಳುತ್ತಾ ಕಲಿಯುತ್ತೇವೆ. ಕವರ್‌ಗಳಿಗೇ ಅಂತ ಒಂದು ರಿಹರ್ಸಲ್ ಇರುತ್ತದೆ, ಪಿಯಾನೊ ಜೊತೆ, ಖಾಲಿ ಕೋಣೆಯಲ್ಲಿ. ಆಮೇಲೆ ಪ್ರತಿ ಪ್ರದರ್ಶನದ ದಿನ ಫೋನ್ ಹತ್ತಿರ ಇಟ್ಟುಕೊಂಡು ಊರಿನ ಆಸುಪಾಸಿನಲ್ಲೇ ಇರಬೇಕು. ಅವರಿಗೆ ಕೆಟ್ಟದ್ದಾಗಲಿ ಅಂತ ಬಯಸುವಂತಿಲ್ಲ, ತುಂಬಾ ಒಳ್ಳೆಯವರು ಬೇರೆ. ಒಂದು ಸಂಜೆ ಐದು ಗಂಟೆಗೆ ಸ್ಟೇಜ್ ಮ್ಯಾನೇಜರ್ ನಂಬರ್ ಫೋನಿನಲ್ಲಿ ಮೂಡಿತು. ಕುಕ್ಕರ್ ಕೂಗುತ್ತಿತ್ತು. ಒಲೆ ಆಫ್ ಮಾಡಿ, ಗಂಟಲು ಸರಿಮಾಡಿಕೊಂಡು, ಕಾಗದ ಓದುವ ಸಾಲನ್ನು ಮನಸ್ಸಿನಲ್ಲೇ ಒಂದು ಸಲ ಹೇಳಿಕೊಂಡು ಎತ್ತಿದೆ. ‘ನಾಳೆ ನಿನ್ನ ವಿಗ್ಗಿನ ಅಳತೆ ಹತ್ತೂವರೆಗೆ ಬದಲು ಹತ್ತಕ್ಕೆ’ ಅಂದರು. ಸೀಸನ್ ಮುಗಿಯುವವರೆಗೂ ಆನ್ನಿನಾ ಹಾಡುವ ಅವಕಾಶ ಬರಲಿಲ್ಲ. ಆದರೂ ಆ ಪಾತ್ರ ಈಗ ನನ್ನ ರೆಸ್ಯುಮೆಯಲ್ಲಿದೆ, ಪಕ್ಕದಲ್ಲಿ ‘ಕವರ್’ ಅಂತ. ಅದಕ್ಕೆ ಬೆಲೆ ಇದೆ. ಇಷ್ಟು ಕಷ್ಟದ್ದನ್ನು ಇವಳು ಕಲಿತಿಟ್ಟುಕೊಳ್ಳಬಲ್ಲಳು ಅಂತ ಓದುವವರಿಗೆ ತಿಳಿಯುತ್ತದೆ.

ಹಾಡುವ ಆಸೆ ತೀರುವುದು ಆಗಸ್ಟ್‌ನ ಎರಡು ಭಾನುವಾರ ರಾತ್ರಿಗಳಲ್ಲಿ. ಅಪ್ರೆಂಟಿಸ್ ಸೀನ್ಸ್ ಅಂತ, ಬೇರೆ ಬೇರೆ ಒಪೆರಾಗಳ ಒಂದೊಂದು ದೃಶ್ಯ. ಹಾಡುವವರು ನಾವು, ಸೆಟ್ಟು ದೀಪ ಬಟ್ಟೆ ಟೆಕ್ನಿಕಲ್ ಅಪ್ರೆಂಟಿಸ್‌ಗಳದ್ದು. ಅದೇ ದೊಡ್ಡ ವೇದಿಕೆ. ನನಗೆ ಸಿಕ್ಕಿದ್ದು ಮೋಟ್ಸಾರ್ಟ್‌ನ ‘ಕೊಸಿ ಫಾನ್ ತುತ್ತೆ’ಯ ದೃಶ್ಯ, ಡೋರಾಬೆಲ್ಲಾ. ಪ್ರೀತಿಸಿದವನು ಯುದ್ಧಕ್ಕೆ ಹೋದ ಅಂತ ಮನೆಯ ಕಿಟಕಿ ಬಾಗಿಲು ಮುಚ್ಚಿಸಿ ರಂಪ ಮಾಡುವ ಹುಡುಗಿ. ಕೊನೆಗೂ ಲಂಗ ಹಾಕಿಕೊಂಡು ಹಾಡುವ ಪಾತ್ರ ಅಂತ ಅಮ್ಮನಿಗೆ ಸಮಾಧಾನವಾಯಿತು.

ಆ ಹೊತ್ತಿಗೆ ಬೇರೆ ಊರುಗಳ ಒಪೆರಾ ಕಂಪನಿಯವರು, ಏಜೆಂಟರು ಸಾಂಟಾ ಫೇಗೆ ಬಂದಿರುತ್ತಾರೆ. ಅವರ ಮುಂದೆ ನಾವು ಮತ್ತೆ ಆಡಿಷನ್ ಹಾಡುತ್ತೇವೆ. ರಾತ್ರಿ ಪ್ರದರ್ಶನ, ಬೆಳಿಗ್ಗೆ ಆಡಿಷನ್, ಅದೇ ಬೈಂಡರ್. ನವೆಂಬರ್‌ಗೂ ಇದಕ್ಕೂ ಒಂದು ವ್ಯತ್ಯಾಸ ಇತ್ತು. ಈಗ ನನಗೆ ಅವರ ಕಡೆಯ ಲೆಕ್ಕ ಸ್ವಲ್ಪ ಗೊತ್ತಿತ್ತು. ಯಾವ ಕಂಪನಿ ಮುಂದಿನ ವರ್ಷ ಏನು ಮಾಡುತ್ತಿದೆ ಅಂತ ನೋಡಿಕೊಂಡು ಮೊದಲ ಏರಿಯಾ ಆರಿಸಿದೆ. ಒಬ್ಬರು ಮುಗಿದ ಮೇಲೆ ಕರೆದು, ಚೆರುಬಿನೋ ನಿನ್ನ ದನಿಗೆ ಈಗ ಚಿಕ್ಕದಾಗುತ್ತಿದೆ ಅಂದರು. ನಿಜ. ಆ ಒಣಗಾಳಿಯಲ್ಲಿ, ಆರ್ಕೆಸ್ಟ್ರಾದ ಮೇಲೆ ಹಾಡಿ ಹಾಡಿ ದನಿ ಅಗಲವಾಗಿತ್ತು. ನನಗೂ ಅನ್ನಿಸಿತ್ತು, ಹೇಳುವವರು ಬೇಕಿತ್ತು.

ಸೀಸನ್ ಮುಗಿದ ಮೇಲೆ ಎಲ್ಲರೂ ಎರಡು ದಿನದಲ್ಲಿ ಖಾಲಿ. ಹ್ಯೂಮಿಡಿಫೈಯರ್‌ಗಳನ್ನು ಹಂಚಿ, ಉಳಿದ ಬೇಳೆಯನ್ನು ಒಬ್ಬ ಬಡಗಿ ಹುಡುಗನಿಗೆ ಕೊಟ್ಟು, ಬೇಯಿಸುವ ವಿಧಾನ ಬರೆದುಕೊಟ್ಟು ಹೊರಟೆ. ಓಪಿಟಿಯಲ್ಲಿ ಕೆಲಸ ಇಲ್ಲದೆ ಒಟ್ಟು 90 ದಿನಕ್ಕಿಂತ ಹೆಚ್ಚು ಇರುವಂತಿಲ್ಲ, ಹಾಗಾಗಿ ಮೊದಲು ಹುಡುಕಿದ್ದು ಕೆಲಸ. ಒಂದು ಚರ್ಚಿನ ಕಾಯರ್‌ನಲ್ಲಿ ಭಾನುವಾರ ಮತ್ತು ರಿಹರ್ಸಲ್ ದಿನ ಹಾಡುವುದು, ಒಂದು ಸಂಗೀತ ಶಾಲೆಯಲ್ಲಿ ಮಕ್ಕಳಿಗೆ ಪಾಠ. ಎರಡೂ ಸೇರಿ ವಾರಕ್ಕೆ ಬೇಕಾದ 20 ಗಂಟೆ ಹೇಗೋ ಆಗುತ್ತಿತ್ತು. ಅಮೆರಿಕದ ಗಾಯಕರಲ್ಲಿ ಅರ್ಧ ಜನ ಚರ್ಚಿನ ಭಾನುವಾರಗಳ ಮೇಲೇ ಬದುಕಿದ್ದಾರೆ ಅಂತ ನನ್ನ ಅಂದಾಜು.

ಸೆಪ್ಟೆಂಬರ್ ಮೊದಲ ವಾರ ಯಾಪ್ ಟ್ರ್ಯಾಕರ್ ತೆರೆದು ಚಂದಾ ಕಟ್ಟಿದೆ. ಪಟ್ಟಿಯಿಂದ ಚೆರುಬಿನೋನನ್ನು ತೆಗೆದು ಡೋರಾಬೆಲ್ಲಾ ಹಾಕಿದೆ. ಸ್ಟ್ರಾಸ್ ಮೊದಲನೆಯದಾಗಿಯೇ ಉಳಿಯಿತು. ಎರಿಕಾಳನ್ನು ಬಿಡಬೇಕು ಅಂದುಕೊಂಡೆ, ಎಲ್ಲರೂ ಹಾಡುತ್ತಾರಲ್ಲ ಅಂತ. ಆಮೇಲೆ ಸಂಜೆ ನಾಲ್ಕು ಗಂಟೆಯ ಪ್ಯಾನೆಲ್ ನೆನಪಾಗಿ ಹಾಗೇ ಇಟ್ಟೆ.